ಕೇಬಲ್ ಟಿವಿ ತೆಗೆಸಬೇಕೆ? ಮೊದಲು ಈ ಲೆಕ್ಕ ಹಾಕಿ

ಮನೆಯಲ್ಲಿ ಈಗಾಗಲೇ ಫೈಬರ್ ಇಂಟರ್‌ನೆಟ್ ಇದ್ದರೆ ಕೇಬಲ್ ತೆಗೆಸುವುದು ಲಾಭ. ಟಿವಿ ನೋಡಲಿಕ್ಕೆಂದೇ ಹೊಸದಾಗಿ ಫೈಬರ್ ಹಾಕಿಸುವುದಾದರೆ ಹೆಚ್ಚಿನ ಮನೆಗಳಿಗೆ ಅದು ನಷ್ಟದ ವ್ಯವಹಾರ. ಇವೆರಡರ ನಡುವೆ ಇರುವವರಿಗೆ ಮತ್ತೆರಡು ದಾರಿಗಳಿವೆ: ಇರುವ ಪ್ಯಾಕನ್ನೇ ಕತ್ತರಿಸುವುದು, ಇಲ್ಲವೆ ತಿಂಗಳ ಚಂದಾ ಇಲ್ಲದ ದೂರದರ್ಶನದ ಡಿಡಿ ಫ್ರೀ ಡಿಶ್ ಹಾಕಿಸುವುದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಕಾರವಾರದ ಫ್ಲ್ಯಾಟಿಗೆ ಸರಿಹೋದದ್ದು ಶಿರಸಿಯ ತೋಟದ ಮನೆಗೆ ಸರಿಹೋಗಬೇಕೆಂದಿಲ್ಲ. ಜೊಯಿಡಾದ ಒಳಹಳ್ಳಿಗಳಲ್ಲಿ ಫೋನಿನ ಸಿಗ್ನಲ್ಲೇ ಮನೆಯೊಳಗೆ ಸಿಗುವುದಿಲ್ಲ, ಅಲ್ಲಿ ಆ್ಯಪ್‌ಗಳ ಮಾತು ಎತ್ತುವುದೇ ದಂಡ.

ಮೊದಲು ಬಿಲ್ ಬಿಡಿಸಿ ನೋಡಿ

ಕೇಬಲ್‌ನವರಿಗೆ ತಿಂಗಳಿಗೆ ಮುನ್ನೂರೋ ಮುನ್ನೂರೈವತ್ತೋ ಕೊಡುವವರಲ್ಲಿ ಹೆಚ್ಚಿನವರಿಗೆ ಅದು ಯಾವುದರ ದುಡ್ಡು ಎಂದು ಗೊತ್ತಿರುವುದಿಲ್ಲ. 2019ರ ಫೆಬ್ರುವರಿಯಿಂದ ಟ್ರಾಯ್ (ಟಿವಿ, ಫೋನ್ ಸೇವೆಗಳ ಸರ್ಕಾರಿ ನಿಯಂತ್ರಣ ಸಂಸ್ಥೆ) ನಿಯಮದಂತೆ ಬಿಲ್‌ನಲ್ಲಿ ಮೂರು ಭಾಗಗಳಿವೆ. ಒಂದು, ನೆಟ್‌ವರ್ಕ್ ಶುಲ್ಕ. ಇದು ಬಹುಕಾಲ 130 ರೂಪಾಯಿಗೆ ನಿಂತಿತ್ತು. 2024ರ ಜುಲೈನಲ್ಲಿ ಟ್ರಾಯ್ ಆ ಮಿತಿಯನ್ನು ತೆಗೆದುಹಾಕಿತು, ಈಗ ಎಷ್ಟು ಹಾಕಬೇಕೆನ್ನುವುದು ಕಂಪನಿಗೆ ಬಿಟ್ಟದ್ದು. ಎರಡು, ದುಡ್ಡಿನ ಚಾನೆಲ್‌ಗಳ ಬೆಲೆ. ಗೊಂಚಲಿನಲ್ಲಿ ಸೇರಿಸಿ ಮಾರುವ ಚಾನೆಲ್‌ನ ಬಿಡಿ ಬೆಲೆ 19 ರೂಪಾಯಿ ದಾಟುವಂತಿಲ್ಲ. ಮೂರು, ಒಟ್ಟಿನ ಮೇಲೆ ಶೇ 18 ಜಿಎಸ್‌ಟಿ.

ಈಗ ಕೈಯಲ್ಲಿ ಲೆಕ್ಕ ಹಾಕಿ. ನೆಟ್‌ವರ್ಕ್ ಶುಲ್ಕ 130, ತಲಾ 19ರ ನಾಲ್ಕು ಕನ್ನಡ ಚಾನೆಲ್‌ಗಳಿಗೆ 76, ಒಟ್ಟು 206. ಜಿಎಸ್‌ಟಿ ಸೇರಿ ಸುಮಾರು 243. ನೀವು 350 ಕೊಡುತ್ತಿದ್ದರೆ ಉಳಿದ ನೂರು ರೂಪಾಯಿ ಯಾರೂ ನೋಡದ ಹಿಂದಿ, ತೆಲುಗು, ಕಾರ್ಟೂನ್ ಚಾನೆಲ್‌ಗಳಿಗೆ ಹೋಗುತ್ತಿದೆ. ಬಿಡಿ ಚಾನೆಲ್ ಆರಿಸಿಕೊಳ್ಳುವುದು ಗ್ರಾಹಕರ ಹಕ್ಕು. ‘ಹಾಗೆಲ್ಲ ಬರೋದಿಲ್ಲ, ಪ್ಯಾಕೇ ತಗೋಬೇಕು’ ಎಂದು ಹೇಳುವವರಿದ್ದಾರೆ, ಒಪ್ಪಬೇಡಿ. ಟ್ರಾಯ್‌ನ ಚಾನೆಲ್ ಸೆಲೆಕ್ಟರ್‌ನಲ್ಲಿ ನಿಮ್ಮ ಪಟ್ಟಿ ಮಾಡಿ, ಅದನ್ನೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ‘ಇಷ್ಟೇ ಸಾಕು’ ಎನ್ನಿ. ಎರಡನೇ ಟಿವಿ ಇದ್ದರೆ ಅದಕ್ಕೂ ಪೂರ್ತಿ ನೆಟ್‌ವರ್ಕ್ ಶುಲ್ಕ ಬೀಳುತ್ತಿದೆಯೇ ಎಂದು ಕೇಳಿ ನೋಡಿ.

ಒಂದು ವಾರದ ಚೀಟಿ

ರಿಮೋಟಿನ ಪಕ್ಕ ಒಂದು ಚೀಟಿ, ಒಂದು ಪೆನ್ನು ಇಡಿ. ಯಾರು, ಎಷ್ಟು ಹೊತ್ತಿಗೆ, ಯಾವ ಚಾನೆಲ್ ಎಂದು ಏಳು ದಿನ ಬರೆಯಿರಿ. ಸಾಮಾನ್ಯವಾಗಿ ಆರೇಳು ಚಾನೆಲ್ ದಾಟುವುದಿಲ್ಲ. ಆಮೇಲೆ ಒಂದೊಂದರ ಎದುರೂ ಅದು ಬೇರೆಲ್ಲಿ ಸಿಗುತ್ತದೆ ಎಂದು ಬರೆದುಕೊಳ್ಳಿ.

ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣದ ಧಾರಾವಾಹಿಗಳು ಜಿಯೋಹಾಟ್‌ಸ್ಟಾರ್‌ನಲ್ಲಿ, ಜೀ ಕನ್ನಡದ್ದು ಜೀ5ರಲ್ಲಿ, ಉದಯದ್ದು ಸನ್ ನೆಕ್ಸ್ಟ್‌ನಲ್ಲಿ. ಅಂದರೆ ಮೂರೂ ಬೇಕೆಂದರೆ ಮೂರು ಚಂದಾ. ಅಜ್ಜಿ ಏಳೂವರೆಗೆ ಒಂದು ಚಾನೆಲ್, ಎಂಟಕ್ಕೆ ಇನ್ನೊಂದು, ಎಂಟೂವರೆಗೆ ಮತ್ತೊಂದು ಎಂದು ಹಾರುವವರಾದರೆ ಕೇಬಲ್ಲೇ ಅಗ್ಗ, ವಾದವೇ ಬೇಡ. ಸುದ್ದಿ ಚಾನೆಲ್‌ಗಳ ನೇರಪ್ರಸಾರ ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಚಂದನವೂ ಸೇರಿ ದೂರದರ್ಶನದ ಚಾನೆಲ್‌ಗಳಿಗೆ ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ತಂದ ವೇವ್ಸ್ ಆ್ಯಪ್ ಇದೆ. ಯಕ್ಷಗಾನ ಬೇಕಾದವರು ಹೇಗೂ ಕೇಬಲ್ ನಂಬಿ ಕೂತಿಲ್ಲ. ಇಡೀ ರಾತ್ರಿಯ ಆಟವೇ ಯೂಟ್ಯೂಬ್‌ನಲ್ಲಿ ನೇರ ಬರುತ್ತದೆ.

ಕ್ರಿಕೆಟ್ ಇದ್ದರೆ ಒಂದು ವಿಷಯ ತಿಳಿದಿರಲಿ. 2007ರ ಕಾಯ್ದೆಯಂತೆ ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಿಗ್ನಲ್ಲನ್ನು ಖಾಸಗಿಯವರು ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಬೇಕು. ಆದರೆ ಆ ಸಿಗ್ನಲ್ ದೂರದರ್ಶನದ ಸ್ವಂತ ಪ್ರಸಾರ ಮತ್ತು ಫ್ರೀ ಡಿಶ್‌ಗೆ ಮಾತ್ರ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಫ್ರೀ ಡಿಶ್‌ನಲ್ಲಿ ಕಾಣುವ ಪಂದ್ಯ ಕೇಬಲ್‌ನ ಡಿಡಿ ಸ್ಪೋರ್ಟ್ಸ್‌ನಲ್ಲಿ ಕಾಣದಿರುವುದು ಇದಕ್ಕೇ. ಐಪಿಎಲ್ ಈ ಹಂಚಿಕೆಯಲ್ಲಿ ಬರುವುದಿಲ್ಲ.

ಮೂರು ಮನೆ, ಮೂರು ಲೆಕ್ಕ

ಕೇಬಲ್ ತಿಂಗಳಿಗೆ 350, ವರ್ಷಕ್ಕೆ 4,200 ಎಂದು ಹಿಡಿಯೋಣ.

ಮನೆಯಿಂದಲೇ ಕೆಲಸ ಮಾಡುವವರೋ ಓದುವ ಮಕ್ಕಳೋ ಇದ್ದು ಫೈಬರ್ ಈಗಾಗಲೇ ಇದ್ದರೆ: ಎರಡು ಆ್ಯಪ್‌ಗೆ ವರ್ಷಕ್ಕೆ ತಲಾ ಸಾವಿರ ಇಟ್ಟುಕೊಂಡರೂ 2,000. ಉಳಿತಾಯ 2,200. ಟಿವಿ ಸ್ಮಾರ್ಟ್ ಅಲ್ಲದಿದ್ದರೆ ಟಿವಿಗೆ ಸಿಕ್ಕಿಸಿ ಆ್ಯಪ್ ಓಡಿಸುವ ಮೂರು ಸಾವಿರದ ಆಸುಪಾಸಿನ ಸ್ಟಿಕ್ ಬೇಕು, ಮೊದಲ ವರ್ಷದ ಉಳಿತಾಯ ಅದಕ್ಕೇ ಹೋಯಿತು. ಲಾಭ ಎರಡನೇ ವರ್ಷದಿಂದ.

ಇಬ್ಬರೇ ಹಿರಿಯರು, ಇಂಟರ್‌ನೆಟ್ ಇಲ್ಲ, ಧಾರಾವಾಹಿ ಬೇಕೇ ಬೇಕು: 399ರ ಫೈಬರ್ ಪ್ಲ್ಯಾನ್ ಜಿಎಸ್‌ಟಿ ಸೇರಿ ತಿಂಗಳಿಗೆ 471, ವರ್ಷಕ್ಕೆ 5,650. ಆ್ಯಪ್ ಸೇರಿದರೆ 7,650. ಕೇಬಲ್‌ಗಿಂತ 3,450 ಹೆಚ್ಚು. ಇಲ್ಲಿ ಮಾಡಬೇಕಾದ್ದು ಪ್ಯಾಕ್ ಕತ್ತರಿಸುವ ಕೆಲಸ: 243ರ ಪ್ರಕಾರ ವರ್ಷಕ್ಕೆ 2,917, ಏನನ್ನೂ ಬಿಡದೆ 1,283 ಉಳಿತು.

ಚಂದನ, ಹಳೆಯ ಸಿನಿಮಾ, ಆಗೀಗ ಕ್ರಿಕೆಟ್ ಸಾಕು ಎನ್ನುವ ಮನೆ, ಅಥವಾ ಮುಂಬೈ–ಬೆಂಗಳೂರಿನವರು ಹಬ್ಬಕ್ಕೆ ಮಾತ್ರ ಬರುವ ಊರ ಮನೆ: ಫ್ರೀ ಡಿಶ್. ಡಿಶ್, ಬಾಕ್ಸ್, ವೈರ್, ಕೂಲಿ ಸೇರಿ ಎರಡು ಸಾವಿರದ ಆಜುಬಾಜು ಒಂದೇ ಸಲ. ಮುಂದೆ ತಿಂಗಳ ಖರ್ಚೇ ಇಲ್ಲ. ಆದರೆ ಜೀ ಕನ್ನಡ, ಕಲರ್ಸ್ ಕನ್ನಡ, ಉದಯ, ಸುವರ್ಣ ಇದರಲ್ಲಿ ಬರುವುದಿಲ್ಲ. ಅಂಗಡಿಯವರು ‘ಎಲ್ಲ ಬರ್ತದೆ’ ಎಂದರೆ ಅಲ್ಲೇ ಹಾಕಿ ತೋರಿಸಲು ಹೇಳಿ. ಖಾಸಗಿ ಚಾನೆಲ್‌ಗಳ ಜಾಗ ಹರಾಜಿನಲ್ಲಿ ಹೋಗುವುದರಿಂದ ಪಟ್ಟಿ ಏಪ್ರಿಲ್‌ನಲ್ಲಿ ಬದಲಾಗುವುದುಂಟು. ಆಗ ಬಾಕ್ಸ್‌ನಲ್ಲಿ ಮತ್ತೊಮ್ಮೆ ಸ್ಕ್ಯಾನ್ ಕೊಡಿ.

ಮಾಡಿನ ಮೇಲಿರುವ ಹಳೆಯ ಮೀನಿನ ಮುಳ್ಳಿನಂಥ ಆ್ಯಂಟೆನಾ ಕೆಲಸಕ್ಕೆ ಬರುವುದಿಲ್ಲ. ಅದು ಹಿಡಿಯುತ್ತಿದ್ದ ಪ್ರಸಾರವನ್ನು ದೂರದರ್ಶನ ನಿಲ್ಲಿಸಿದೆ.

ಫ್ರೀ ಡಿಶ್ ಕೂರಿಸುವುದು

ಬಾಕ್ಸ್ ಕೊಳ್ಳುವಾಗ ಎಂಪೆಗ್-4 ಎಂದು ಬರೆದಿರುವುದನ್ನೇ ಕೊಳ್ಳಿ. ಎಂಪೆಗ್-2 ಬಾಕ್ಸ್ ಇನ್ನೂರು ರೂಪಾಯಿ ಅಗ್ಗಕ್ಕೆ ಸಿಕ್ಕೀತು, ಆದರೆ ಹಲವು ಚಾನೆಲ್‌ಗಳು ಕಾಣುವುದಿಲ್ಲ. ಮನೆಯಲ್ಲಿ ಹಿಂದಿನ ಡಿಟಿಎಚ್ ಡಿಶ್ ಬಿದ್ದಿದ್ದರೆ, 60 ಸೆಂಟಿಮೀಟರ್ ಇದ್ದು ಸೊಟ್ಟಗಾಗಿರದಿದ್ದರೆ ಅದೇ ಆದೀತು. ಅದರ ಎಲ್‌ಎನ್‌ಬಿ (ಡಿಶ್ ಮುಂದಿನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಡಬ್ಬಿ) ಮೇಲೆ 9.75/10.6 ಎಂದಿದೆಯೇ ನೋಡಿ. ತುಕ್ಕು ಹಿಡಿದಿದ್ದರೆ ಎಲ್‌ಎನ್‌ಬಿ ಮಾತ್ರ ಹೊಸದು ಹಾಕಿ.

ಫ್ರೀ ಡಿಶ್ ಬರುವುದು ಜಿಸ್ಯಾಟ್-15ರಿಂದ, ಪೂರ್ವ ರೇಖಾಂಶ 93.5 ಡಿಗ್ರಿಯಿಂದ. ನಮ್ಮ ಜಿಲ್ಲೆಯಿಂದ ನೋಡಿದರೆ ಅದು ಆಗ್ನೇಯದಲ್ಲಿ, ದಿಕ್ಸೂಚಿಯ 126 ಡಿಗ್ರಿ ಸುಮಾರಿಗೆ, ನೆಲದಿಂದ 62 ಡಿಗ್ರಿ ಎತ್ತರದಲ್ಲಿದೆ. ಭಟ್ಕಳಕ್ಕೂ ಕಾರವಾರಕ್ಕೂ ಶಿರಸಿಗೂ ಒಂದು ಡಿಗ್ರಿ ಆಚೀಚೆ, ಅಷ್ಟೆ. ಇಷ್ಟು ಎತ್ತರದಲ್ಲಿರುವುದರಿಂದ ಘಟ್ಟ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಹಿತ್ತಿಲ ತೆಂಗು, ಅಡಿಕೆ, ಹಲಸು. ಡಿಶ್‌ಗಿಂತ 10 ಮೀಟರ್ ಎತ್ತರದ ಮರ ಆಗ್ನೇಯಕ್ಕೆ ಐದೂವರೆ ಮೀಟರ್‌ಗಿಂತ ಹತ್ತಿರ ಇರಬಾರದು, 15 ಮೀಟರ್ ಎತ್ತರದ್ದಾದರೆ ಎಂಟು ಮೀಟರ್‌ಗಿಂತ ಹತ್ತಿರ ಇರಬಾರದು. ಬೇಸಿಗೆಯಲ್ಲಿ ಸಂದಿಯಲ್ಲಿ ಸಿಗ್ನಲ್ ಸಿಕ್ಕಿತೆಂದು ಸಮಾಧಾನಪಟ್ಟರೆ ಆಷಾಢದಲ್ಲಿ ಚಿಗುರಿದ ಒದ್ದೆ ಎಲೆ ಅದನ್ನು ಮುಚ್ಚುತ್ತದೆ. ಒಣ ಎಲೆಗಿಂತ ಒದ್ದೆ ಎಲೆ ಬಹಳ ಹೆಚ್ಚು ಸಿಗ್ನಲ್ ನುಂಗುತ್ತದೆ.

ಜಾಗ ಸರಿಯಿದೆಯೇ ಎಂದು ನೋಡಲು ಉಪಕರಣವಿಲ್ಲದ ಒಂದು ಉಪಾಯವಿದೆ. ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಬೆಳಿಗ್ಗೆ 11ರ ಹೊತ್ತಿಗೆ ಸೂರ್ಯ ಸರಿಯಾಗಿ ಆ ಉಪಗ್ರಹದ ಹಿಂದೆ ಬರುತ್ತಾನೆ. ಆ ಹೊತ್ತಿನಲ್ಲಿ ಡಿಶ್ ಇಡಬೇಕೆಂದಿರುವ ಜಾಗದಲ್ಲಿ ಬಿಸಿಲು ಬಿದ್ದರೆ ದಾರಿ ಖಾಲಿ, ನೆರಳಿದ್ದರೆ ಆ ನೆರಳಿನ ಮರವೇ ಅಡ್ಡಿ. ಡಿಶ್ ಹಾಕಿದವರಿಗೆ ಅದೇ ದಿನಗಳಲ್ಲಿ ಆ ಹೊತ್ತಿಗೆ ಕೆಲವು ನಿಮಿಷ ಚಿತ್ರ ಹೋಗುವುದಕ್ಕೂ ಅದೇ ಕಾರಣ. ಬಾಕ್ಸ್ ಕೆಟ್ಟಿತೆಂದು ಅಂಗಡಿಗೆ ಹೊರಬೇಡಿ.

ಕಂಬ ಒಂದೂವರೆ ಇಂಚಿನ ಜಿಐ ಪೈಪ್ ಇರಲಿ, ತೂಕಗುಂಡು ಬಿಟ್ಟು ನೆಟ್ಟಗೆ ನಿಲ್ಲಿಸಿ. ಕಂಬ ವಾಲಿದರೆ ಆಮೇಲಿನ ಡಿಗ್ರಿ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಚಿರೆಕಲ್ಲಿನ ಗೋಡೆಗೆ ನೇರವಾಗಿ ಫಾಸ್ನರ್ ಹೊಡೆಯಬೇಡಿ. ಕಲ್ಲು ತೂತುತೂತು, ಮೊದಲ ಗಾಳಿಮಳೆಗೇ ಬೋಲ್ಟ್ ಅಲುಗಿ ಹೊರಬರುತ್ತದೆ. ಗೋಡೆಯಲ್ಲಿ ಗುಂಡಿ ತೆಗೆದು ಸಿಮೆಂಟ್ ತುಂಬಿ, ಅದು ಗಟ್ಟಿಯಾದ ಮೇಲೆ ಬೋಲ್ಟ್ ಹಾಕಿ, ಇಲ್ಲವೆ ಅಂಗಳದಲ್ಲಿ ಒಂದೂವರೆ ಅಡಿ ಗುಂಡಿ ತೋಡಿ ಕಾಂಕ್ರೀಟಿನಲ್ಲಿ ಪೈಪ್ ನಿಲ್ಲಿಸಿ. ಹಂಚಿನ ಮಾಡಿನ ರೀಪಿಗೆ ಕಟ್ಟುವುದು ಬೇಡವೇ ಬೇಡ. ಸಮುದ್ರದ ಹತ್ತಿರದ ಮನೆಗಳಲ್ಲಿ ಸಾದಾ ನಟ್ಟು ಎರಡು ಮಳೆಗಾಲ ಕಾಣುವುದಿಲ್ಲ. ಸ್ಟೀಲಿನದ್ದೇ ಹಾಕಿ, ಮೇಲೆ ಗ್ರೀಸ್ ಸವರಿ. ತೋಟದ ಅಂಚಿನಲ್ಲಾದರೆ ಕೊಳೆ ಔಷಧಿ ಹೊಡೆಯುವ ದಿನ ಡಿಶ್‌ಗೆ ಗೋಣಿಚೀಲ ಮುಚ್ಚಿ. ಮೈಲುತುತ್ತ ತಾಗಿದರೆ ಸತುವಿನ ಲೇಪ ಬೇಗ ತಿನ್ನಿಹೋಗುತ್ತದೆ.

ಇನ್ನು ತಿರುಗಿಸುವುದು. ಬ್ರಾಕೆಟ್‌ನ ಮೇಲಿನ ಗೀಟನ್ನು 62ಕ್ಕೆ ಕೂರಿಸಿ ಬಿಗಿಮಾಡಿ. ಡಿಶ್ ಮುಖ ನೋಡಿದರೆ ಅಷ್ಟು ಮೇಲಕ್ಕೆ ತಿರುಗಿದಂತೆ ಕಾಣುವುದಿಲ್ಲ, ಗಾಬರಿಯಾಗಬೇಡಿ. ಈ ಡಿಶ್‌ಗಳು ಇಪ್ಪತ್ತೈದು ಡಿಗ್ರಿಯಷ್ಟು ತಗ್ಗಿ ನೋಡುವ ಹಾಗೆಯೇ ಮಾಡಿದವು. ಫೋನಿನ ದಿಕ್ಸೂಚಿಯನ್ನು ಡಿಶ್ ಪಕ್ಕ ಹಿಡಿದರೆ ಕಬ್ಬಿಣಕ್ಕೆ ಅದು ದಾರಿ ತಪ್ಪುತ್ತದೆ. ಎರಡು ಮೀಟರ್ ಹಿಂದೆ ನಿಂತು 126ರ ಸಾಲಿನಲ್ಲಿ ದೂರದ ಒಂದು ಗುರುತು ನೋಡಿಟ್ಟುಕೊಳ್ಳಿ, ಡಿಶ್ಶನ್ನು ಆ ಕಡೆ ತಿರುಗಿಸಿ. ಬಾಕ್ಸ್‌ನ ಮೆನುವಿನಲ್ಲಿ ಜಿಸ್ಯಾಟ್-15 ಆರಿಸಿದರೆ ಎರಡು ಪಟ್ಟಿ ಕಾಣುತ್ತವೆ. ‘ಸ್ಟ್ರೆಂತ್’ ಎಂಬುದನ್ನು ನಂಬಬೇಡಿ, ವೈರ್ ಸಿಕ್ಕಿಸಿದ ಮಾತ್ರಕ್ಕೇ ಅದು ಏರುತ್ತದೆ. ನೋಡಬೇಕಾದ್ದು ‘ಕ್ವಾಲಿಟಿ’. ಒಬ್ಬರು ಟಿವಿ ಮುಂದೆ, ಒಬ್ಬರು ಡಿಶ್ ಹತ್ತಿರ ಫೋನಿನಲ್ಲಿರಿ. ಒಂದು ಡಿಗ್ರಿ ಸರಿಸಿ, ನಾಲ್ಕು ಸೆಕೆಂಡು ಕಾಯಿರಿ, ಮತ್ತೆ ಒಂದು ಡಿಗ್ರಿ. ಬಾಕ್ಸ್ ತಡವಾಗಿ ತೋರಿಸುವುದರಿಂದ ಬೇಗ ಬೇಗ ತಿರುಗಿಸಿದವರು ಸಿಗ್ನಲ್ ದಾಟಿಹೋಗಿರುತ್ತಾರೆ. ಕ್ವಾಲಿಟಿ ಸಿಕ್ಕ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ಎರಡೂ ಕಡೆಗೆ ನಿಧಾನ ತಿರುಚಿ, ಅತಿ ಹೆಚ್ಚು ತೋರಿಸಿದಲ್ಲಿ ಬಿಗಿಮಾಡಿ. ಈ ತಿರುಚುವ ಕೆಲಸ ಹೆಚ್ಚಿನವರು ಬಿಡುತ್ತಾರೆ. ಬಿಸಿಲಲ್ಲಿ ಚಿತ್ರ ಚೆನ್ನಾಗಿದ್ದು ಮೋಡ ಕವಿದ ಕೂಡಲೇ ಚೌಕಚೌಕವಾಗಿ ಒಡೆಯುವ ಮನೆಗಳಲ್ಲಿ ನೋಡಬೇಕಾದ ಮೊದಲ ಜಾಗ ಇದೇ. ಸ್ಕ್ಯಾನ್ ಆದ ಮೇಲೆ ಡಿಡಿ ಚಾನೆಲ್‌ಗಳೇ ಇಲ್ಲದಿದ್ದರೆ ನೀವು ಪಕ್ಕದ ಉಪಗ್ರಹ ಹಿಡಿದಿದ್ದೀರಿ, ಮೂರು ಡಿಗ್ರಿ ಆಚೀಚೆ ಹುಡುಕಿ.

ವೈರ್ ಆರ್‌ಜಿ-6, ನಡುವೆ ಗಂಟಿಲ್ಲದೆ, 30 ಮೀಟರ್ ಒಳಗೆ. ಮನೆಯೊಳಗೆ ಹೋಗುವ ಮುನ್ನ ಕೆಳಕ್ಕೆ ಒಂದು ಬಳುಕು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ಕನೆಕ್ಟರ್ ತಿರುಪುವಾಗ ಬಾಕ್ಸ್‌ನ ಪ್ಲಗ್ ತೆಗೆದಿರಬೇಕು: ಒಳತಂತಿಗೆ ಹೊರಜಾಲರಿಯ ಒಂದೇ ಎಳೆ ತಾಗಿದರೂ ಶಾರ್ಟ್ ಆಗಿ ಎಲ್‌ಎನ್‌ಬಿಗೆ ಕರೆಂಟ್ ಹೋಗುವುದಿಲ್ಲ. ಜೋರು ಮಳೆಯಲ್ಲಿ ಹತ್ತಿಪ್ಪತ್ತು ನಿಮಿಷ ಚಿತ್ರ ಹೋಗುವುದು ಯಾವ ಡಿಶ್‌ಗೂ ತಪ್ಪಿದ್ದಲ್ಲ. ಗುಡುಗು ಶುರುವಾದರೆ ಪ್ಲಗ್ ಜೊತೆ ಡಿಶ್ ವೈರನ್ನೂ ಬಾಕ್ಸ್‌ನಿಂದ ತೆಗೆಯಿರಿ.

ಇಂಟರ್‌ನೆಟ್ ದಾರಿ

30 ಎಂಬಿಪಿಎಸ್ ಪ್ಲ್ಯಾನ್ ಧಾರಾಳ ಸಾಕು. ಒಂದು ಟಿವಿಯ ಎಚ್‌ಡಿಗೆ ಬೇಕಾದ್ದು ಐದಾರು. ಡೇಟಾ ಮಾತ್ರ ಗಂಟೆಗೆ ಒಂದೂವರೆ ಜಿಬಿ ಮೇಲೆಯೇ ಹೋಗುತ್ತದೆ. ದಿನಕ್ಕೆ ನಾಲ್ಕು ಗಂಟೆಯೆಂದರೆ ತಿಂಗಳಿಗೆ 180 ಜಿಬಿ. ಆದ್ದರಿಂದ ದಿನಕ್ಕೆ 2 ಜಿಬಿಯ ಫೋನಿನ ಹಾಟ್‌ಸ್ಪಾಟ್ ನಂಬಿ ಕೇಬಲ್ ತೆಗೆಸಬೇಡಿ.

ಚಿರೆಕಲ್ಲಿನ ಹಳೆಯ ಮನೆಗಳಲ್ಲಿ ತೊಂದರೆ ಕೊಡುವುದು ಗೋಡೆ. ರೂಟರ್ ಜಗಲಿಯಲ್ಲಿ, ಟಿವಿ ನಡುಮನೆಯಲ್ಲಿ ಇದ್ದು ಮಧ್ಯೆ ಎರಡು ದಪ್ಪ ಗೋಡೆ ಬಂದರೆ 5 ಗಿಗಾಹರ್ಟ್ಸ್ ವೈಫೈ ತಲುಪುವುದೇ ಇಲ್ಲ. 2.4ಕ್ಕೆ ಜೋಡಿಸಿ ನೋಡಿ. ಅದೂ ತಡವರಿಸಿದರೆ ಎಕ್ಸ್‌ಟೆಂಡರ್ ಕೊಳ್ಳುವ ಬದಲು ಹದಿನೈದು ಮೀಟರ್ ಲ್ಯಾನ್ ವೈರನ್ನು ತೊಲೆಯ ಗುಂಟ ಎಳೆದುಬಿಡಿ. ಅಗ್ಗ, ಕೆಡುವುದೂ ಇಲ್ಲ.

ಚಿತ್ರ ನಿಂತಾಗ ಮೊದಲು ಮೋಡೆಮ್ ದೀಪ ನೋಡಿ. ‘ಲಾಸ್’ (LOS) ದೀಪ ಕೆಂಪಗಿದ್ದರೆ ವೈರ್ ಕಡಿದಿದೆ ಅಥವಾ ಎಲ್ಲೋ ಮಡಚಿದೆ, ಮೋಡೆಮ್ ಆಫ್–ಆನ್ ಮಾಡಿ ಪ್ರಯೋಜನವಿಲ್ಲ. ಕಪಾಟಿನ ಹಿಂದೆ ಸಿಕ್ಕಿ ಮಡಚಿದೆಯೇ ಎಂದು ಮೊದಲು ನೋಡಿ, ಆಮೇಲೆ ಕಂಬದ ಕಡೆ ಹೋಗಿ. ಘಟ್ಟದ ಮೇಲೆ ಮಂಗ ಜೋತಾಡುತ್ತದೆ, ಅಡಿಕೆ ಮರಕ್ಕೆ ಕಟ್ಟಿ ಎಳೆದ ವೈರ್ ಕೊನೆಕೊಯ್ಲಿನ ದಿನ ಕಡಿಯುತ್ತದೆ. ಹಾಕಿಸುವಾಗಲೇ ತೋಟ ಬಿಟ್ಟು ದಾರಿಯ ಬದಿಯಿಂದ ತರಲು ಹೇಳಿ, ಹತ್ತಿಪ್ಪತ್ತು ಮೀಟರ್ ಹೆಚ್ಚಾದರೂ ಸರಿ. ರಿಪೇರಿಯವರು ಬಂದಾಗ ‘ಪವರ್ ಎಷ್ಟು ಬರ್ತಿದೆ’ ಎಂದು ಕೇಳಿ. ಮೈನಸ್ 25 ಡಿಬಿಎಂ (ವೈರಿನಲ್ಲಿ ಬರುವ ಬೆಳಕಿನ ಬಲದ ಅಳತೆ) ಒಳಗಿದ್ದರೆ ಚೆನ್ನ, ಮೈನಸ್ 27 ದಾಟಿದ್ದರೆ ಮಳೆಗಾಲದಲ್ಲಿ ಮತ್ತೆ ಕರೆಯಬೇಕಾಗುತ್ತದೆ, ಅಂದೇ ಸರಿಮಾಡಿಸಿ. ಇನ್ವರ್ಟರ್ ಇಲ್ಲದ ಮನೆಗೆ ಮೋಡೆಮ್‌ಗೊಂದು 12 ವೋಲ್ಟ್ ಸಣ್ಣ ಯುಪಿಎಸ್ ಇದ್ದರೆ ಕರೆಂಟ್ ಹೋದಾಗ ಫೋನಿಗಾದರೂ ವೈಫೈ ಇರುತ್ತದೆ.

ಸ್ಟಿಕ್ ಹಾಕುವವರು ಅದರ ಅಡಾಪ್ಟರನ್ನೇ ಬಳಸಿ. ಟಿವಿಯ ಯುಎಸ್‌ಬಿಯಿಂದ ಕೊಟ್ಟರೆ ಕರೆಂಟ್ ಸಾಲದೆ ಪದೇ ಪದೇ ತಾನೇ ರೀಸ್ಟಾರ್ಟ್ ಆಗುತ್ತದೆ. ಹೆಸರಿಲ್ಲದ ಅಗ್ಗದ ಆಂಡ್ರಾಯ್ಡ್ ಬಾಕ್ಸ್‌ಗಳಲ್ಲಿ ಆ್ಯಪ್‌ಗಳು ಎಚ್‌ಡಿ ಕೊಡುವುದಿಲ್ಲ, ಪರವಾನಗಿಯ ಕೀಲಿ ಅವುಗಳಲ್ಲಿ ಇರುವುದಿಲ್ಲ. ಡಬ್ಬದಂಥ ಹಳೆಯ ಟಿವಿಗೆ ಪರಿವರ್ತಕ ಹಾಕಿ ಸ್ಟಿಕ್ ಜೋಡಿಸಬಹುದು, ಆದರೆ ಅಕ್ಷರ ಇರುವೆಯ ಹಾಗೆ ಕಾಣುತ್ತದೆ. ಅದಕ್ಕೆ ಫ್ರೀ ಡಿಶ್ಶೇ ಸರಿ.

ಚಂದಾ ಕೊಳ್ಳುವಾಗ ‘ಮೊಬೈಲ್’ ಪ್ಲ್ಯಾನ್‌ಗೆ ಕೈಹಾಕಬೇಡಿ, ಅದು ಟಿವಿಯಲ್ಲಿ ಓಡುವುದಿಲ್ಲ. ರೀಚಾರ್ಜ್ ಜೊತೆ ಪುಕ್ಕಟೆ ಬರುವುದು ಹೆಚ್ಚಾಗಿ ಇದೇ. ಜಿಯೋಹಾಟ್‌ಸ್ಟಾರ್ 2025ರ ಫೆಬ್ರುವರಿಯಲ್ಲಿ ಶುರುವಾದಾಗ ಟಿವಿಗೂ ನಡೆಯುವ ‘ಸೂಪರ್’ ಪ್ಲ್ಯಾನ್ ವರ್ಷಕ್ಕೆ 899, ಮೊಬೈಲ್‌ನದ್ದು 499 ಇತ್ತು. ದರ ಬದಲಾಗುತ್ತಿರುತ್ತದೆ, ಕೊಳ್ಳುವ ದಿನ ನೋಡಿಕೊಳ್ಳಿ. ಹಣ ಕಟ್ಟಿದ ದಿನವೇ ಯುಪಿಐ ಆ್ಯಪ್‌ನಲ್ಲಿ ಆಟೋಪೇ ತೆಗೆದು ನೋಡಿ, ಬೇಡದ್ದನ್ನು ರದ್ದುಮಾಡಿ. ಮತ್ತೆ, ಇಂಟರ್‌ನೆಟ್‌ನಲ್ಲಿ ಪಂದ್ಯ ಅರ್ಧ ನಿಮಿಷದವರೆಗೂ ಹಿಂದೆ ಓಡುತ್ತದೆ. ಪಕ್ಕದ ಮನೆಯಲ್ಲಿ ಕೇಬಲ್ ಇದ್ದರೆ ಸಿಕ್ಸರ್ ಹೋದದ್ದು ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ.

ಬಿಡಿಸುವ ದಿನ

ಕೇಬಲ್ ಒಮ್ಮೆಲೇ ತೆಗೆಸದೆ ಒಂದು ತಿಂಗಳು ರೀಚಾರ್ಜ್ ನಿಲ್ಲಿಸಿ ನೋಡಿ. ಬಾಕ್ಸ್ ಅಲ್ಲೇ ಇರಲಿ. ಆ ತಿಂಗಳು ಆ್ಯಪ್‌ನ ತಿಂಗಳ ಅಥವಾ ಮೂರು ತಿಂಗಳ ಚಂದಾ ಸಾಕು, ವರ್ಷದ್ದು ಬೇಡ. ಪ್ರಯೋಗಕ್ಕೆ ಜೂನ್–ಜುಲೈ ಒಳ್ಳೆಯ ಕಾಲ: ಮಳೆಯಲ್ಲಿ ನಿಮ್ಮೂರಿನ ಫೈಬರ್ ಎಷ್ಟು ದಿನ ಬಿದ್ದಿರುತ್ತದೆ ಎಂದು ಆಗಲೇ ತಿಳಿಯುವುದು. ಡಿಶ್ ಕೂರಿಸುವ ಕೆಲಸ ಮಾತ್ರ ದೀಪಾವಳಿ ಕಳೆದ ಮೇಲೆ, ಮಾಡು ಒಣಗಿದಾಗ.

ತೆಗೆಸುವುದೇ ಖಚಿತವಾದರೆ ಮೊದಲು ಹಳೆಯ ರಸೀದಿ ಹುಡುಕಿ, ಬಾಕ್ಸ್ ಬಾಡಿಗೆಯದೋ ಕೊಂಡದ್ದೋ ನೋಡಿ. ಬಾಡಿಗೆಯದಾದರೆ ಬಾಕ್ಸ್, ಅಡಾಪ್ಟರ್, ರಿಮೋಟ್ ಮೂರನ್ನೂ ಒಟ್ಟಿಗೆ ಕೊಟ್ಟು, ಬಾಕ್ಸ್‌ನ ತಳದ ನಂಬರ್ ಕಾಣುವಂತೆ ಫೋಟೊ ತೆಗೆದು, ವಾಪಸ್ ಪಡೆದದ್ದಕ್ಕೆ ಚೀಟಿ ಬರೆಸಿಕೊಳ್ಳಿ. ಊರಿನ ಕೇಬಲ್‌ನವರೇ ಫೈಬರ್ ಕೊಡುವವರೂ ಆಗಿರುವುದು ನಮ್ಮ ಕಡೆ ಸಾಮಾನ್ಯ. ಹಾಗಿದ್ದರೆ ಎರಡಕ್ಕೂ ಸೇರಿ ಎಷ್ಟಕ್ಕೆ ಕೊಡುತ್ತಾರೆ ಎಂದು ಕೇಳಿ. ಎದುರು ಕೂತು ಕೇಳಿದವರಿಗೆ ಸಿಗುವ ದರ ಬೋರ್ಡಿನ ಮೇಲೆ ಇರುವುದಿಲ್ಲ. ಗೋಡೆಯಲ್ಲಿರುವ ಹಳೆಯ ಕೇಬಲ್ ವೈರನ್ನು ಕಿತ್ತು ಎಸೆಯಬೇಡಿ. ಆರ್‌ಜಿ-6 ಆಗಿದ್ದು ನಡುವೆ ಗಂಟಿಲ್ಲದಿದ್ದರೆ ನಾಳೆ ಡಿಶ್‌ಗೆ ಅದೇ ಆಗುತ್ತದೆ, ಮತ್ತೆ ಗೋಡೆ ಕೊರೆಯುವುದು ತಪ್ಪುತ್ತದೆ.